ಉದಾಹರಣೆ ಯಾರು ಓದುತ್ತಾರೆ?

ಗುರುವಾರ, ಹನ್ನೆರಡನೇ ತಾರೀಖು
ಟೈಲರ್ ಅಂಗಡಿಯ ಮೇಲಿನ ಮನೆಯಿಂದ

ಮಾನ್ಯ ಪ್ರಧಾನ ಸಂಪಾದಕರಿಗೆ,

‘ಏನ್ರೀ’ ಎಂದರೆ ಓಗೊಡುತ್ತಿದ್ದವರನ್ನು ಹೀಗೆ ಕರೆಯುವುದು ನನಗೂ ವಿಚಿತ್ರವಾಗಿಯೇ ಇದೆ. ಆದರೆ ಆಹ್ವಾನ ಪತ್ರಿಕೆಯಲ್ಲಿ ಹೀಗೇ ಅಚ್ಚಾಗಿದೆ, ಅಚ್ಚಾದದ್ದಕ್ಕೆ ನಾನು ಯಾವಾಗಲೂ ಮರ್ಯಾದೆ ಕೊಡುವವಳು. ಪತ್ರದ ಮೊದಲಿಗೆ ನನ್ನ ಕ್ಷೇಮ ತಿಳಿಸಿ ನಿಮ್ಮ ಕ್ಷೇಮ ಕೇಳುವುದು ವಾಡಿಕೆ. ನಾನು ಕ್ಷೇಮವಾಗಿದ್ದೇನೆ. ನಿಮ್ಮದನ್ನು ಪತ್ರದ ಕೊನೆಯಲ್ಲಿ ಕೇಳುತ್ತೇನೆ, ಆಗ ಕೇಳಿದರೆ ಅದಕ್ಕೊಂದು ಅರ್ಥ ಇರುತ್ತದೆ.

ನಿಘಂಟು ಕೈಗೆ ಬಂತು. ಬಿಡುಗಡೆಗೆ ಮೊದಲೇ ಹೇಗೆ ಸಿಕ್ಕಿತು ಎಂದು ಈಗಲೇ ಹುಬ್ಬು ಗಂಟಿಕ್ಕಬೇಡಿ. ಸಾವಿರದ ಇನ್ನೂರ ಎಂಬತ್ತನಾಲ್ಕು ಪುಟ, ಕಡುನೀಲಿ ರಟ್ಟು, ಬೆನ್ನಿನ ಮೇಲೆ ಚಿನ್ನದ ಬಣ್ಣದಲ್ಲಿ ಒಂದೇ ಒಂದು ಹೆಸರು. ಅಕ್ಕನ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದೆ. ಎರಡು ಕಿಲೋ ಮುನ್ನೂರು ಗ್ರಾಂ. ನಮ್ಮ ಮಗಳು ಹುಟ್ಟಿದಾಗ ಇದಕ್ಕಿಂತ ಸ್ವಲ್ಪವೇ ಹೆಚ್ಚಿದ್ದಳು. ಆಮೇಲೆ ಮುನ್ನುಡಿಯನ್ನು ನಿಂತುಕೊಂಡೇ ಓದಿದೆ. ಆರು ಪುಟಗಳಲ್ಲಿ ಮೂವರು ಪ್ರಾಧ್ಯಾಪಕರಿಗೆ, ಟೈಪಿಸ್ಟ್‌ಗೆ, ನಿಮ್ಮ ಕಣ್ಣಿನ ಡಾಕ್ಟರಿಗೆ ವಂದನೆ ಹೇಳಿದ ಮೇಲೆ, ಕೊನೆಯ ಸಾಲಿನಲ್ಲಿ ‘ಮನೆಯವರ ತಾಳ್ಮೆಯನ್ನೂ ಇಲ್ಲಿ ನೆನೆಯುತ್ತೇನೆ’ ಎಂದು ಮುಗಿಸಿದ್ದೀರಿ. ಕಣ್ಣಿನ ಡಾಕ್ಟರಾದ ಮೇಲೆ ನನ್ನ ಪಾಳಿ. ಅದೂ ಹೆಸರಿಲ್ಲ, ಬರೀ ತಾಳ್ಮೆ.

ಅಕ್ಕ ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದಳು. ನನ್ನ ಮುಖ ನೋಡಿ, ಐದು ವರ್ಷ ಆಯಿತಲ್ಲ, ಇನ್ನು ಬಿಟ್ಟುಬಿಡು, ಹೊಟ್ಟೆ ಉರಿಸಿಕೊಂಡರೆ ನಿನ್ನದೇ ಹೊಟ್ಟೆ ಸುಡುವುದು ಎಂದಳು. ಅವಳಿಗೆ ಹೇಗೆ ಹೇಳಲಿ, ಆ ಹೊತ್ತಿನಲ್ಲಿ ನನ್ನ ಹೊಟ್ಟೆಯಲ್ಲಿ ಉರಿ ಇರಲಿಲ್ಲ. ನಗು ಇತ್ತು. ಮುನ್ನುಡಿ ಮುಗಿಸಿ ಅರವತ್ತೊಂದನೆಯ ಪುಟ ತೆಗೆದಿದ್ದೆ. ಎಲ್ಲವೂ ಇಟ್ಟ ಹಾಗೆಯೇ ಇತ್ತು.

ವಿಷಯ ತಿಳಿಯಬೇಕಾದರೆ ನೀವು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಕೆಲಸದ ಕ್ರಮ ನಿಮಗೆ ನೆನಪಿದೆಯೋ ಇಲ್ಲವೋ. ಸಂದರ್ಶನಗಳಲ್ಲಿ ಬೇರೆ ಏನೇನೋ ಹೇಳುತ್ತಿದ್ದೀರಿ, ಆದ್ದರಿಂದ ನಾನೇ ನೆನಪಿಸುತ್ತೇನೆ. ಮುಂದಿನ ಕೋಣೆ, ಬಸ್ ನಿಲ್ದಾಣದ ಕಡೆಗಿನ ಕಿಟಕಿ, ಒಂದು ಕಾಲಿಗೆ ರಟ್ಟು ಮಡಚಿ ಕೊಟ್ಟ ಮೇಜು. ಒಂದೊಂದು ಇಂಗ್ಲಿಷ್ ಪದಕ್ಕೂ ಒಂದೊಂದು ಕಾರ್ಡ್. ಪದ ಕಪ್ಪು ಶಾಯಿಯಲ್ಲಿ, ನಮ್ಮ ಭಾಷೆಯ ಅರ್ಥಗಳು ನೀಲಿಯಲ್ಲಿ, ಆ ಅರ್ಥವನ್ನು ಬಳಸಿ ತೋರಿಸುವ ಉದಾಹರಣೆ ವಾಕ್ಯ ಹಸಿರಿನಲ್ಲಿ. ಕಪ್ಪು, ನೀಲಿ, ಹಸಿರು, ಮೂರೂ ನನ್ನ ಕೈ. ನೀವು ಕಾರ್ಡ್ ತೆಗೆದುಕೊಂಡು, ನೀಲಿಯನ್ನು ಓದಿ, ಅಪರೂಪಕ್ಕೆ ಒಂದು ಪದ ತಿದ್ದಿ, ಬಲ ಮೂಲೆಯಲ್ಲಿ ನಿಮ್ಮ ಚಿಕ್ಕ ಸಹಿ ಹಾಕಿ ಚಪ್ಪಲಿ ಡಬ್ಬಕ್ಕೆ ಇಳಿಸುತ್ತಿದ್ದಿರಿ. ಹದಿನಾಲ್ಕು ವರ್ಷ, ಅರವತ್ತೆರಡು ಡಬ್ಬ. ಯಾವ ಪದದ ಬಗ್ಗೆ ನಮ್ಮಿಬ್ಬರಿಗೂ ಹೊಂದುತ್ತಿರಲಿಲ್ಲವೋ ಅದು ಕಿಟಕಿಯ ಕೆಳಗಿನ ಕೆಂಪು ಡಬ್ಬಕ್ಕೆ ಹೋಗುತ್ತಿತ್ತು. ಅದಕ್ಕೆ ಮೊಂಡು ಡಬ್ಬ ಎಂದು ಹೆಸರಿಟ್ಟವಳೂ ನಾನೇ. ಎಲ್ಲ ಮುಗಿದ ಮೇಲೆ ಅವನ್ನು ನೋಡಿಕೊಳ್ಳೋಣ ಎಂದಿದ್ದಿರಿ.

ಪ್ರಾರಂಭ ಎಮ್ ಅಕ್ಷರದಿಂದ. ಕಲಿಯುವಾಗಿನ ತಪ್ಪುಗಳು ಪುಸ್ತಕದ ಬಾಗಿಲಲ್ಲೇ ಕಾಣಿಸಬಾರದು, ನಡುವಿನಲ್ಲಿ ಹೂತುಹೋಗಬೇಕು, ಅದಕ್ಕೇ ಪಳಗಿದವರು ಎ ಇಂದ ತೊಡಗುವುದಿಲ್ಲ ಎಂದು ನೀವೇ ಹೇಳಿಕೊಟ್ಟದ್ದು. ಅದೊಂದು ಒಳ್ಳೆಯ ಪಾಠ. ಹೂಳುವ ಕೆಲಸವನ್ನು ನಾನು ನಿಮ್ಮಿಂದಲೇ ಕಲಿತೆ.

ಎರಡನೆಯ ವರ್ಷ ಎನ್ ಅಕ್ಷರದಲ್ಲಿದ್ದೆವು. ಆಗೊಂದು ದಿನ ಬೆಳಿಗ್ಗೆ ನಾನು ಡಾಕ್ಟರ ಹತ್ತಿರ ಹೋಗಿ ಬಂದಿದ್ದೆ. ನಿಮಗೆ ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿ, ಕೊನೆಗೆ ನಮ್ಮಿಬ್ಬರಿಗೇ ಹೊಳೆಯುವ ಹಾಗೆ ಹೇಳಬೇಕೆಂದು ‘ನ್ಯೂಸ್’ ಎಂಬ ಪದದ ಕಾರ್ಡಿನಲ್ಲಿ ಹಸಿರು ಶಾಯಿಯಿಂದ ಬರೆದೆ. ‘ಈ ಮನೆಗೆ ಮೂರನೆಯವರೊಬ್ಬರು ಬರುವ ಸುದ್ದಿಯಿದೆ, ಇದನ್ನು ಓದಿದವರು ಕೂಡಲೇ ತಲೆ ಎತ್ತಿ ನೋಡಬೇಕು.’ ಕಾರ್ಡನ್ನು ನಿಮ್ಮ ಮುಂದೆ ಸರಿಸಿ ಕೈಕಟ್ಟಿ ಕೂತೆ. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು ಎಂದರೆ ಮೇಜು ಅಲುಗುತ್ತಿದೆಯೇನೋ ಎಂದು ರಟ್ಟಿನ ಕಾಲನ್ನು ನೋಡಿದೆ. ನೀವು ನೀಲಿಯನ್ನು ಓದಿದಿರಿ. ಸಹಿ ಹಾಕಿದಿರಿ. ಡಬ್ಬಕ್ಕೆ ಇಳಿಸಿ, ಮುಂದಿನದು ಕೊಡು ಎಂದು ತಲೆ ಎತ್ತದೆ ಕೈ ಚಾಚಿದಿರಿ.

ಎರಡು ದಿನ ಕಾದೆ. ಮೂರನೆಯ ದಿನ ಬಾಯಿಬಿಟ್ಟೇ ಹೇಳಿದೆ. ನೀವು ಸಂತೋಷಪಟ್ಟಿರಿ, ಸುಳ್ಳು ಹೇಳುವುದಿಲ್ಲ, ಬಹಳ ಸಂತೋಷಪಟ್ಟಿರಿ, ನನ್ನನ್ನು ಕೂರಿಸಿ ನೀವೇ ನೀರು ತಂದುಕೊಟ್ಟಿರಿ. ಆಮೇಲೆ ನಾನು, ಹಾಗಾದರೆ ಕಾರ್ಡಿನ ಉದಾಹರಣೆ ನೋಡಲೇ ಇಲ್ಲವೇ ಎಂದು ಕೇಳಿದೆ. ಯಾವ ಕಾರ್ಡ್, ಏನು ಬರೆದಿದ್ದೆ ಎಂದು ಕೇಳಲಿಲ್ಲ ನೀವು. ನಕ್ಕುಬಿಟ್ಟಿರಿ.

“ಅಯ್ಯೋ, ಉದಾಹರಣೆ ಯಾರು ಓದ್ತಾರೆ ಮಾರಾಯ್ತಿ? ಜಾಗ ತುಂಬೋಕೆ ಇರೋದು ಅದು.”

ಅವತ್ತೇ ನನಗೆ ಕೋಪ ಬಂದಿತೆಂದು ತಿಳಿಯಬೇಡಿ. ಅವತ್ತು ಬಂದದ್ದು ಒಂದು ಬಗೆಯ ಸ್ವಾತಂತ್ರ್ಯ. ಮನೆಯೊಳಗೆ ಯಾರೂ ತೆರೆಯದ ಒಂದು ಕಪಾಟು ಸಿಕ್ಕಿದ ಹಾಗೆ. ಮೊದಮೊದಲು ಅದರಲ್ಲಿ ಮುದ್ದಿನ ಮಾತುಗಳನ್ನೇ ಇಟ್ಟೆ, ಯಾವತ್ತೋ ಒಂದು ದಿನ ನೀವು ತೆರೆಯುತ್ತೀರಿ, ನಾಚಿಕೊಳ್ಳುತ್ತೀರಿ ಎಂದುಕೊಂಡು. ನೀವು ತೆರೆಯಲಿಲ್ಲ. ಮಾತುಗಳ ರುಚಿ ಬದಲಾಗುತ್ತಾ ಹೋಯಿತು. ಪಿ ಅಕ್ಷರ ಬರುವ ಹೊತ್ತಿಗೆ ನನಗೆ ಏಳು ತಿಂಗಳು. ಅದು ದೊಡ್ಡ ಅಕ್ಷರಗಳಲ್ಲೊಂದು, ಅದೊಂದಕ್ಕೇ ಐದು ಡಬ್ಬ. ಮೇಲಿನ ಹಲಗೆಯಿಂದ ಅವನ್ನು ಇಳಿಸಲು ಸ್ಟೂಲ್ ಹತ್ತುತ್ತಿದ್ದವಳು ಯಾರು ಎಂದು ‘ಸ್ಟೂಲ್’ ಎಂಬ ಪದದ ಕೆಳಗೆ ನೋಡಿ. ಒಳ್ಳೆಯ ಪೆನ್ನುಗಳನ್ನೆಲ್ಲ ತನ್ನ ಡ್ರಾಯರಿನಲ್ಲಿ ಕೂಡಿಟ್ಟು ಸೋರುವ ಪೆನ್ನನ್ನು ಹೆಂಡತಿಗೆ ಕೊಟ್ಟ ಗಂಡ ‘ಹೋರ್ಡ್’ ಎಂಬಲ್ಲಿ ಸಿಗುತ್ತಾನೆ. ಬಂದ ಪ್ರಾಧ್ಯಾಪಕರಿಗೆ ಹೆಂಡತಿಯನ್ನು ‘ಇವಳು ಕಾರ್ಡ್ ಜೋಡಿಸಿಕೊಡ್ತಾಳೆ’ ಎಂದು ಪರಿಚಯಿಸಿದವನು ‘ಇಂಟ್ರಡ್ಯೂಸ್’ ಎಂಬಲ್ಲಿದ್ದಾನೆ. ಮಗಳಿಗೆ ಜ್ವರ ಬಂದ ವಾರ ‘ಸೈಲೆನ್ಸ್’ ಎಂಬಲ್ಲಿದೆ. ಗೊರಕೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಉತ್ಪ್ರೇಕ್ಷೆ ಮಾಡಿದ್ದೇನೆ, ಅದು ಅನ್ಯಾಯ, ಒಪ್ಪುತ್ತೇನೆ.

ನನ್ನ ತಪ್ಪನ್ನೂ ಬರೆದಿದ್ದೇನೆ. ‘ಇಗ್ನೋರ್’ ನೋಡಿ. ಮೇಜಿನ ಕೆಳಗೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದ ಮಗಳು, ಅಮ್ಮ ಕೆಳಗೆ ಬಗ್ಗಿ ನೋಡಲಿ ಎಂದು ಪೆನ್ಸಿಲನ್ನು ಬೇಕೆಂದೇ ಬೀಳಿಸುತ್ತಿದ್ದಳು. ಬಗ್ಗದೆ ಇದ್ದವಳು ನಾನು. ನಿಮಗೆ ಕಾರ್ಡ್ ಕೊಡುವ ಆತುರದಲ್ಲಿ ಇದ್ದೆ.

ಈಗ ಆ ಪದಕ್ಕೆ ಬರುತ್ತೇನೆ, ನೀವು ಊರೆಲ್ಲ ಹೇಳಿಕೊಂಡು ತಿರುಗುವ ಪದ. ಅಪ್ರಿಹೆನ್ಷನ್.

ಅದು ಮೊಂಡು ಡಬ್ಬದಲ್ಲಿ ಕೊನೆಗೆ ಉಳಿದ ಕಾರ್ಡ್. ಮುಂದೇನಾಗುವುದೋ ಎಂಬ ಅಳುಕಿಗೂ ಅದೇ ಪದ, ಕಳ್ಳನನ್ನು ಸೆರೆ ಹಿಡಿಯುವುದಕ್ಕೂ ಅದೇ, ಒಂದು ವಿಷಯ ಮನಸ್ಸಿಗೆ ದಕ್ಕುವುದಕ್ಕೂ ಅದೇ. ಒಂದೇ ಪದ ಈ ಮೂರು ದಿಕ್ಕಿಗೆ ಯಾಕೆ ಓಡುತ್ತದೆ ಎಂದು ನೀವು ತಲೆ ಕೆಡಿಸಿಕೊಂಡಿರಿ. ನಮ್ಮಲ್ಲಿ ಮೂರಕ್ಕೂ ಸೇರಿ ಒಂದು ಪದ ಇಲ್ಲ, ಮೂರು ತುಂಡಾಗಿ ಬರೆದುಬಿಡು ಎಂದಿರಿ. ನಾನು ಒಪ್ಪಲಿಲ್ಲ. ಮೂರು ದಿನ ಕಿಟಕಿಯ ಹತ್ತಿರ ಸುಮ್ಮನೆ ಕೂತಿದ್ದೆ. ಮೂರನೆಯ ದಿನ ಮಧ್ಯಾಹ್ನ ಎದುರಿನ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸಿನ ಕೈಚೀಲ ಹೋಯಿತು. ಹಿಡೀರಿ ಅವನನ್ನ ಎಂದು ಜನ ಓಡಿದರು. ಚೀಲ ಕಳೆದುಕೊಂಡವಳು ಕಟ್ಟೆಯ ಮೇಲೆ ಕುಸಿದು ಕೂತು, ದಿಗಿಲು ಹಿಡ್ಕೊಂಡ್ಬಿಡ್ತು ಎಂದಳು. ಕಂಡಕ್ಟರ್ ಪೊಲೀಸಿನವನ ಹತ್ತಿರ, ಅವನು ಎರಡು ಸಲ ಟಿಕೆಟ್ ಕೇಳಿದಾಗಲೇ ನಾನು ಜಾಡು ಹಿಡಿದೆ ಸಾರ್ ಎಂದು ಎದೆ ಉಬ್ಬಿಸಿದ. ಮೂವರ ಬಾಯಲ್ಲೂ ಒಂದೇ ಮಾತು ಬಂದಿತ್ತು, ಹಿಡಿ. ಇಂಗ್ಲಿಷಿನ ಆ ಪದದ ಬೇರಿನಲ್ಲೂ ಇರುವುದು ಹಿಡಿಯುವ ಕೈಯೇ. ಕೈ ಕಳ್ಳನನ್ನು ಹಿಡಿದರೆ ಸೆರೆ, ಬುದ್ಧಿ ವಿಷಯವನ್ನು ಹಿಡಿದರೆ ತಿಳಿವು, ಬರಲಿರುವುದು ನಮ್ಮನ್ನು ಹಿಡಿದರೆ ದಿಗಿಲು. ನಾನು ಕಿಟಕಿಯಿಂದ ಓಡಿಬಂದು ಇದನ್ನೆಲ್ಲ ಒಂದೇ ಉಸಿರಿನಲ್ಲಿ ನಿಮಗೆ ಹೇಳಿದೆ. ಪಾಪ ಆ ಹೆಂಗಸಿನ ಚೀಲ ಸಿಕ್ಕಿತೋ ಇಲ್ಲವೋ ಎಂದು ಕೂಡ ತಿರುಗಿ ನೋಡಲಿಲ್ಲ.

ಈಗ ಓದುತ್ತೇನೆ, ಇದು ನಿಮಗೆ ಸ್ನಾನ ಮಾಡುವಾಗ ಹೊಳೆಯಿತಂತೆ. ಎರಡು ಪತ್ರಿಕೆಗಳಲ್ಲಿ ಸ್ನಾನ, ಒಂದರಲ್ಲಿ ಬೆಳಗಿನ ವಾಕಿಂಗ್.

ಆಮೇಲೆ ಕ್ರಮದ ಜಗಳ. ನಾನು ಕೈಯಿಂದ ಶುರುವಾಗಲಿ, ಸೆರೆ ಮೊದಲು, ತಿಳಿವು ಆಮೇಲೆ, ದಿಗಿಲು ಕೊನೆಗೆ ಎಂದೆ. ಪದ ಬೆಳೆದ ದಾರಿ ಅದೇ. ನೀವು, ಜನ ಇವತ್ತು ಯಾವ ಅರ್ಥದಲ್ಲಿ ಹೆಚ್ಚು ಬಳಸುತ್ತಾರೋ ಅದು ಮೊದಲು ಬರಬೇಕು, ದಿಗಿಲು ಮೊದಲು, ಸೆರೆ ಎರಡನೆಯದು, ತಿಳಿವು ಕೊನೆಗೆ ಎಂದಿರಿ. ನನ್ನ ಅಂಕಿಗಳನ್ನು ಹೊಡೆದು ನಿಮ್ಮ ಅಂಕಿ ಹಾಕಿದಿರಿ. ಉದಾಹರಣೆಗಳನ್ನು ಬರೆದು ನಾಳೆ ಕೊಡು, ಅಲ್ಲಿಗೆ ನಿಘಂಟು ಮುಗಿಯಿತು ಎಂದಿರಿ.

ಆ ‘ನಾಳೆ’ ಬರುವ ಮೊದಲೇ ಪ್ರಕಾಶಕರಿಂದ ಹೆಸರಿನ ಪುಟದ ನಮೂನೆ ಬಂತು. ಲಕೋಟೆ ಒಡೆದವಳು ನಾನು. ಅದರಲ್ಲಿ ನಿಮ್ಮ ಹೆಸರಿನ ಮೇಲೂ ಕೆಳಗೂ ಎಷ್ಟೊಂದು ಖಾಲಿ ಜಾಗ ಇತ್ತು. ನನ್ನದು ಎಲ್ಲಿ ಬರುತ್ತದೆ ಎಂದು ನಾನು ಕೇಳಿದ್ದು ನಿಜವಾಗಿಯೂ ಗೊತ್ತಿಲ್ಲದೆ. ಮೇಲೋ, ಕೆಳಗೋ, ಅಷ್ಟೇ ನನ್ನ ಪ್ರಶ್ನೆ. ನೀವು ಕನ್ನಡಕ ಒರೆಸುತ್ತಾ ಹೇಳಿದ್ದನ್ನು ಇವತ್ತಿಗೂ ನಿಮ್ಮದೇ ದನಿಯಲ್ಲಿ ಕೇಳುತ್ತೇನೆ.

“ಎರಡು ಹೆಸರು ಹಾಕಿದ್ರೆ ನಿಘಂಟು ಥರ ಇರಲ್ಲ ಕಣೇ, ಮದುವೆ ಪತ್ರಿಕೆ ಥರ ಕಾಣುತ್ತೆ.”

ಕೂಗಾಡಲಿಲ್ಲ ನಾನು. ನೀವು ಅದನ್ನು ಒಪ್ಪಿಗೆ ಎಂದುಕೊಂಡಿರಿ. ಮರುದಿನ ಬೆಳಿಗ್ಗೆ ಮೇಜಿನ ಮುಂದೆ ಕೂತು ಹಸಿರು ಪೆನ್ನಿಗೆ ಶಾಯಿ ತುಂಬಿ, ಕೊನೆಯ ಕಾರ್ಡಿನ ಮೂರು ಉದಾಹರಣೆಗಳನ್ನು ಬರೆದೆ. ನೀವು ನೀಲಿಯನ್ನು ಓದಿ ತೃಪ್ತಿಯಿಂದ ತಲೆಯಾಡಿಸಿ ಸಹಿ ಹಾಕಿದಿರಿ. ಮಧ್ಯಾಹ್ನ ನಾನೂ ಮಗಳೂ ಎರಡು ಪೆಟ್ಟಿಗೆ ಹಿಡಿದು ಇಲ್ಲಿಗೆ ಬಂದೆವು. ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೊರಡುವ ಅಭ್ಯಾಸ ನನಗಿಲ್ಲ.

ಡಬ್ಬಗಳನ್ನು ತರಲಿಲ್ಲ, ಅದು ನನ್ನ ದಡ್ಡತನ. ಅರವತ್ತೆರಡು ಡಬ್ಬ ತುಂಬ ನನ್ನ ಕೈಬರಹ ಇದೆಯಲ್ಲ, ಅದಕ್ಕಿಂತ ಸಾಕ್ಷಿ ಬೇಕೆ ಎಂದುಕೊಂಡಿದ್ದೆ. ವಕೀಲರೊಬ್ಬರು ಕೂಡ, ಕಾರ್ಡುಗಳಿದ್ದರೆ ಕೇಸು ಗಟ್ಟಿ ಎಂದರು. ಆ ಧೈರ್ಯದಲ್ಲಿ ಮೂರು ವರ್ಷ ಪ್ರೂಫ್ ತಿದ್ದುತ್ತಾ ಇಲ್ಲಿ ಕೂತಿದ್ದೆ. ಒಂದು ಸಂಜೆ ನಿಮ್ಮ ಟೈಪಿಸ್ಟ್ ಬಸ್ಸಿನಲ್ಲಿ ಸಿಕ್ಕಳು. ಅಷ್ಟೂ ಕಾರ್ಡುಗಳನ್ನು ಟೈಪ್ ಮಾಡಿ ಮುಗಿಸಿದ ವಾರವೇ ನೀವು ಡಬ್ಬಗಳನ್ನೆಲ್ಲ ಹಳೇ ಪೇಪರಿನವನ ಗಾಡಿಗೆ ಏರಿಸಿದಿರಂತೆ. ಅವಳು ಬೇಡ ಎಂದಳಂತೆ, ಜಾಗ ಇಲ್ಲ ಎಂದಿರಂತೆ. ಬಸ್ಸಿನ ಕಂಬಿ ಹಿಡಿದು ನಿಂತಿದ್ದ ನನಗೆ ಇಳಿಯಬೇಕಾದ ನಿಲ್ದಾಣ ದಾಟಿಹೋದದ್ದೂ ಗೊತ್ತಾಗಲಿಲ್ಲ. ನನ್ನ ಹದಿನಾಲ್ಕು ವರ್ಷ ಗಾಡಿಯ ಮೇಲೆ ಹೋಗಿತ್ತು. ಅಂದು ನಿಮ್ಮ ಮೇಲೆ ಬಂದ ಸಿಟ್ಟಿಗೆ ನಿಘಂಟಿನಲ್ಲಿ ಪದ ಇಲ್ಲ, ಹುಡುಕಿದ್ದೇನೆ.

ಆದರೆ ಟೈಪಿಸ್ಟ್ ಇಳಿಯುವ ಮುನ್ನ ನನ್ನ ತೋಳು ಹಿಡಿದು, ನಗು ತಡೆಯಲಾರದೆ ಇನ್ನೊಂದು ಮಾತು ಹೇಳಿದಳು.

“ಅಕ್ಕಾ, ನಿಮ್ ಉದಾಹರಣೆಗಳು ಧಾರಾವಾಹಿ ಥರ ಇದ್ವು. ಒಂದಕ್ಷರಾನೂ ಬಿಡದೆ ಹೊಡೆದಿದ್ದೀನಿ.”

ಅವಳು ಒಮ್ಮೆ ನಿಮ್ಮನ್ನು ಕೇಳಿಯೂ ಇದ್ದಳಂತೆ, ಸಾರ್, ಕೆಲವು ವಾಕ್ಯಗಳು ಒಂಥರಾ ಇವೆ, ನೋಡುತ್ತೀರಾ ಎಂದು. ನೀವು ಕೊಟ್ಟ ಉತ್ತರ ಹೇಳುವ ಅಗತ್ಯವಿಲ್ಲ, ನಿಮಗೇ ಬಾಯಿಪಾಠ ಇದೆ.

ಅಂದಿನಿಂದ ಕಾದೆ. ಕೇಸು ಹಾಕಲಿಲ್ಲ, ಪತ್ರಿಕೆಗೆ ಬರೆಯಲಿಲ್ಲ, ಪ್ರಾಧ್ಯಾಪಕರ ಬಾಗಿಲು ತಟ್ಟಲಿಲ್ಲ. ನನ್ನ ಕೈಬರಹ ಹೋದರೂ ನಾನು ಪುಸ್ತಕದ ಒಳಗೇ ಇದ್ದೆ. ಏಳು ತಿಂಗಳ ಹೊಟ್ಟೆ ಹೊತ್ತು ಸ್ಟೂಲ್ ಹತ್ತಿದವಳ ವಾಕ್ಯವನ್ನು ನೀವು ಬರೆದಿರಿ ಎಂದರೆ ನಂಬುವವರು ಯಾರು? ನಿಘಂಟು ಅಚ್ಚಾಗುವುದೊಂದೇ ನನಗೆ ಬೇಕಿತ್ತು. ನಿಮಗಿಂತ ನನಗೇ ಹೆಚ್ಚು ಆತುರ ಇತ್ತು.

ಮುದ್ರಣದ ಕ್ರಮ ನಿಮಗೆ ಗೊತ್ತಿದೆ. ಕೊನೆಯ ಪ್ರೂಫಿನ ಪ್ರತಿ ಪುಟದ ಕೆಳಗೂ ಸಂಪಾದಕರು ‘ಓದಿ ಒಪ್ಪಿದ್ದೇನೆ’ ಎಂದು ಸಹಿ ಹಾಕಬೇಕು, ಇಲ್ಲದಿದ್ದರೆ ಪ್ರೆಸ್ಸಿನವರು ಪುಟ ಏರಿಸುವುದಿಲ್ಲ. ನೀವು ಸಾವಿರದ ಇನ್ನೂರ ಎಂಬತ್ತನಾಲ್ಕು ಸಲ ಓದಿ ಒಪ್ಪಿದ್ದೀರಿ. ಯಾರೋ ಹೊಟ್ಟೆಕಿಚ್ಚಿಗೆ ಸೇರಿಸಿದರು ಎಂದು ಹೇಳಿ ಕೈತೊಳೆದುಕೊಳ್ಳಲು ಆಗುವುದಿಲ್ಲ.

ಈಗ ಶನಿವಾರದ ಬಿಡುಗಡೆಯ ವಿಷಯ. ಮಗಳು ತಂದು ತೋರಿಸಿದ ಆಹ್ವಾನ ಪತ್ರಿಕೆಯಲ್ಲಿ, ಸಂಜೆ ಐದಕ್ಕೆ ‘ಅಪ್ರಿಹೆನ್ಷನ್ ನಮೂದಿನ ಸಂಪೂರ್ಣ ವಾಚನ, ಪ್ರಧಾನ ಸಂಪಾದಕರಿಂದ’ ಎಂದಿದೆ. ಪ್ರತಿ ಕುರ್ಚಿಯ ಮೇಲೂ ಒಂದೊಂದು ಪ್ರತಿ ಇಡುತ್ತಾರಂತೆ, ಸಭಿಕರು ಪುಟ ತೆರೆದು ನಿಮ್ಮ ಜೊತೆ ಓದಲಿ ಎಂದು. ನೀವು ಬೀರುವಿನ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೀರಂತೆ, ‘ಹಿಡಿ’ ಎನ್ನುವಾಗ ಮುಷ್ಟಿ ಬಿಗಿಯುತ್ತೀರಂತೆ. ನೀಲಿಯಷ್ಟನ್ನೇ ಅಭ್ಯಾಸ ಮಾಡಿರುತ್ತೀರಿ ಎಂದು ನನಗೆ ಗೊತ್ತು. ಆದ್ದರಿಂದ ಹಸಿರನ್ನು ನಾನೇ ಇಲ್ಲಿ ಬರೆದು ಕೊಡುತ್ತೇನೆ. ನೀವು ಹಾಕಿದ ಕ್ರಮದಲ್ಲೇ.

ಒಂದು, ಅಳುಕು, ದಿಗಿಲು: ‘ತನ್ನದಲ್ಲದ ಪುಸ್ತಕವನ್ನು ತನ್ನದೆಂದು ಸಭೆಯಲ್ಲಿ ಓದಲು ನಿಂತವನನ್ನು ಒಂದು ದಿಗಿಲು ಹಿಡಿಯಿತು.’

ಎರಡು, ಸೆರೆ: ‘ಹೆಂಡತಿಯ ಹದಿನಾಲ್ಕು ವರ್ಷಗಳನ್ನು ಕದ್ದವನನ್ನು ಹಿಡಿಯಲು ಪೊಲೀಸರು ಬೇಕಾಗಲಿಲ್ಲ, ಅವನೇ ಹಾಕಿದ ಸಹಿ ಸಾಕಾಯಿತು.’

ಮೂರು, ತಿಳಿವು: ‘ಅವನು ಅರ್ಥ ಹಿಡಿಯುವ ಹೊತ್ತಿಗೆ ಸಭೆಗೆಲ್ಲ ಅರ್ಥವಾಗಿ ಹೋಗಿತ್ತು.’

ಈಗ ಪುಸ್ತಕ ತರಲು ಎದ್ದಿರುತ್ತೀರಿ. ತನ್ನಿ, ಅರವತ್ತೊಂದನೆಯ ಪುಟ, ಎಡಗಡೆಯ ಅಂಕಣ. ಒಂದು ಅಲ್ಪವಿರಾಮ ಕೂಡ ಆಚೀಚೆ ಆಗಿಲ್ಲ.

ನೀವು ಏನೇನು ಯೋಚಿಸುತ್ತೀರಿ ಎಂದು ಊಹಿಸಬಲ್ಲೆ, ನಿಮ್ಮನ್ನು ಓದಿದಷ್ಟು ನಾನು ಬೇರೇನನ್ನೂ ಓದಿಲ್ಲ. ಅರ್ಥವನ್ನಷ್ಟೇ ಓದಿ ಉದಾಹರಣೆ ಬಿಟ್ಟುಬಿಡೋಣ ಎನ್ನಿಸುತ್ತದೆ. ಬಿಡಿ, ಮುನ್ನೂರು ಜನರ ತೊಡೆಯ ಮೇಲೆ ಅದೇ ಪುಟ ತೆರೆದಿರುತ್ತದೆ, ನೀವು ಹಾರಿಸಿದ್ದನ್ನೇ ಅವರು ಮೊದಲು ಓದುತ್ತಾರೆ. ಬೇರೆ ಪದ ಓದೋಣ ಎನ್ನಿಸುತ್ತದೆ. ಓದಿ, ಆದರೆ ಯಾವುದು? ಇಂಥವು ಒಟ್ಟು ಮುನ್ನೂರ ಹದಿನೇಳು ಇವೆ. ಅವುಗಳಲ್ಲಿ ಏಳೆಂಟನ್ನು ಮಾತ್ರ ಮೇಲೆ ಹೇಳಿದ್ದೇನೆ. ಪಟ್ಟಿ ನನ್ನ ಹತ್ತಿರ ಇದೆ, ಕೊಡುವುದಿಲ್ಲ. ಜ್ವರ ಎಂದು ಮಲಗಿಬಿಡೋಣ ಎನ್ನಿಸುತ್ತದೆ. ಮಲಗಿ, ನಿಮ್ಮ ಬದಲು ಸಭೆಯ ಅಧ್ಯಕ್ಷರೇ ಓದುತ್ತಾರೆ, ಅವರ ಉಚ್ಚಾರಣೆ ನಿಮಗಿಂತ ಸ್ಪಷ್ಟ.

ನನಗೆ ಏನು ಬೇಕು ಎಂದು ಕೇಳುತ್ತೀರಿ. ಹೆಸರಿನ ಪುಟ ಬದಲಾಯಿಸುತ್ತೇನೆ, ಎರಡನೆಯ ಮುದ್ರಣದಲ್ಲಿ ಸೇರಿಸುತ್ತೇನೆ ಎಂದು ಮಗಳ ಕೈಯಲ್ಲಿ ಹೇಳಿ ಕಳಿಸಬೇಡಿ. ಐದು ವರ್ಷದ ಹಿಂದೆ ಅದು ನನಗೆ ಬೇಕಿತ್ತು, ಕೈಯೊಡ್ಡಿ ಕೇಳಿದ್ದೆ. ಈಗ ಬೇಕಾಗಿರುವುದು ಒಂದೇ. ಈ ಪುಸ್ತಕ ಯಾರದು ಎಂದು ಆ ಸಭೆಗೆ ನಿಮ್ಮ ಬಾಯಿಂದಲೇ ಗೊತ್ತಾಗಬೇಕು. ನೀವು ಒಪ್ಪಿಕೊಂಡು ಹೇಳುತ್ತೀರೋ, ಓದಿ ಸಿಕ್ಕಿಬೀಳುತ್ತೀರೋ, ಅದು ನಿಮಗೆ ಬಿಟ್ಟದ್ದು.

ಈ ಪತ್ರ ನಿಮಗೆ ಶುಕ್ರವಾರ ಮಧ್ಯಾಹ್ನ ಸಿಗುವಂತೆ ಮಗಳ ಹತ್ತಿರ ಕಳಿಸುತ್ತಿದ್ದೇನೆ. ಒಳಗೇನಿದೆ ಎಂದು ಅವಳಿಗೆ ಗೊತ್ತಿಲ್ಲ, ಅವಳ ಮೇಲೆ ಹಾರಾಡಬೇಡಿ. ಶನಿವಾರ ಸಂಜೆಯವರೆಗೆ ನಿಮಗೆ ಒಂದು ದಿನ ಮತ್ತು ಸ್ವಲ್ಪ ಹೆಚ್ಚು ಹೊತ್ತು ಇರುತ್ತದೆ. ಬೇಕಾದರೆ ಪುಸ್ತಕ ಓದಿ, ಮೊದಲ ಸಲ. ಎಲ್ಲಿ ಏನಿದೆಯೋ ಎಂದು ಒಂದೊಂದೇ ಪುಟ ತಿರುಗಿಸುತ್ತಾ ಹೋಗಿ. ಹಸಿರೆಲ್ಲ ವಿಷ ಎಂದುಕೊಳ್ಳಬೇಡಿ. ಮೊದಲ ಎರಡು ವರ್ಷದವು ಕೆಲವು ಇನ್ನೂ ಅಲ್ಲೇ ಇವೆ. ನೀವು ನಗುವಾಗ ಎಡಗಣ್ಣು ಮೊದಲು ಚಿಕ್ಕದಾಗುತ್ತದೆ ಎಂಬುದು ಎಲ್ಲೋ ಒಂದು ಕಡೆ ಇದೆ. ಅದನ್ನು ಹುಡುಕುವುದಕ್ಕೆ ಉಳಿದದ್ದೆಲ್ಲವನ್ನೂ ದಾಟಬೇಕು.

ಕೊನೆಗೆ ಒಂದು ವಿಷಯದಲ್ಲಿ ನೀವು ಗೆದ್ದಿರಿ ಎಂದು ಒಪ್ಪಿಕೊಳ್ಳಬೇಕು. ಕ್ರಮದ ಜಗಳದಲ್ಲಿ ನಾನು ತಪ್ಪಿದ್ದೆ. ಕೈ ಮೊದಲು ಎಂದು ಹಟ ಹಿಡಿದಿದ್ದೆ. ನೀವು ಹೇಳಿದ್ದೇ ಸರಿ, ಮೊದಲು ದಿಗಿಲು, ಆಮೇಲೆ ಸೆರೆ, ತಿಳಿವು ಎಲ್ಲಕ್ಕಿಂತ ಕೊನೆಗೆ. ಅದೇ ಕ್ರಮದಲ್ಲಿ ನಿಮಗೆ ತಲುಪಿಸುತ್ತಿದ್ದೇನೆ.

ಮೊದಲೇ ಹೇಳಿದ್ದೆನಲ್ಲ. ನೀವು ಕ್ಷೇಮವೇ?

ಇತಿ,
ನಿಮ್ಮ ಮುನ್ನುಡಿಯ ಕೊನೆಯ ಸಾಲಿನ
ಮನೆಯವರು

ಮ.ಮ.: ಪ್ರತಿ ಹೇಗೆ ಸಿಕ್ಕಿತು ಎಂದು ಹೇಳುವುದು ಉಳಿಯಿತು. ಕೊನೆಯ ಪ್ರೂಫನ್ನು ಪ್ರೆಸ್ಸಿನ ಯಜಮಾನಿ ತಿದ್ದಲು ಕೊಟ್ಟದ್ದು ನನಗೆ, ರಟ್ಟು ಕಟ್ಟಿದ ಮೇಲೆ ಒಂದು ಪ್ರತಿ ಕೊಟ್ಟದ್ದೂ ಆಕೆಯೇ. ಆಕೆಗೆ ನಾನು ಯಾರೆಂದು ಗೊತ್ತಿರಲಿಲ್ಲ, ಅಗ್ಗಕ್ಕೆ ಅಚ್ಚುಕಟ್ಟಾಗಿ ತಿದ್ದುವವಳು ಎಂದಷ್ಟೇ ಗೊತ್ತು. ಹಾಗಾಗಿ ಮುನ್ನೂರ ಹದಿನೇಳನ್ನೂ ಅಳಿಸುವ ಪೆನ್ಸಿಲ್ ನಾಲ್ಕು ತಿಂಗಳು ನನ್ನ ಕೈಯಲ್ಲೇ ಇತ್ತು. ಅರವತ್ತೊಂದನೆಯ ಪುಟಕ್ಕೆ ಬಂದಾಗ ಯಾಕೋ ಕೈ ತಡೆಯಿತು. ಆ ಮೂರು ವಾಕ್ಯಗಳಿಗೆ ಗೆರೆ ಎಳೆದು, ಅಂಚಿನಲ್ಲಿ, ‘ಸಂಪಾದಕರು ಈ ಉದಾಹರಣೆಗಳನ್ನು ದಯವಿಟ್ಟು ಒಮ್ಮೆ ಓದಿ ತಿಳಿಸಬೇಕು’ ಎಂದು ಬರೆದು ನಿಮಗೆ ಕಳಿಸಿದೆ. ಬರಹವನ್ನು ಮರೆಮಾಚಲಿಲ್ಲ, ನಲವತ್ತು ಸಾವಿರ ಕಾರ್ಡಿನಲ್ಲಿ ನೀವು ನೋಡಿದ ಅದೇ ನನ್ನ ಕೈ. ನೀವು ಅದನ್ನು ಗುರುತಿಸಿದ್ದರೆ, ವಾಕ್ಯಗಳನ್ನು ಓದದಿದ್ದರೂ, ಇದು ಅವಳ ಬರಹವಲ್ಲವೇ ಎಂದು ಪ್ರೆಸ್ಸಿಗೆ ಒಂದು ಫೋನ್ ಮಾಡಿದ್ದರೆ, ಮುನ್ನೂರ ಹದಿನೇಳನ್ನೂ ಹೊಡೆದುಹಾಕಿ ಸುಮ್ಮನಾಗುತ್ತಿದ್ದೆ. ಪುಟ ಎರಡೇ ದಿನದಲ್ಲಿ ಹಿಂದಿರುಗಿ ಬಂತು. ನನ್ನ ಸಾಲಿನ ಕೆಳಗೆ ನಿಮ್ಮ ಸಹಿ, ಸಹಿಯ ಪಕ್ಕದಲ್ಲಿ ನಿಮ್ಮದೇ ಅಕ್ಷರದಲ್ಲಿ, ‘ಇರಲಿ ಬಿಡಿ. ಉದಾಹರಣೆ ಯಾರು ಓದುತ್ತಾರೆ?’ ಆ ಹಾಳೆ ನನ್ನ ಕೈಚೀಲದಲ್ಲಿದೆ. ಶನಿವಾರ ಮೂರನೆಯ ಸಾಲಿನಲ್ಲಿ ಕೂತಿರುತ್ತೇನೆ, ಓದುವಾಗ ಒಮ್ಮೆ ತಲೆ ಎತ್ತಿ ನೋಡಿ.